ಹ್ಯಾಟಿನ ಗೆರೆ

೧

ಹ್ಯಾಟಿನಿಂದ ಶುರುಮಾಡಲೋ, ತಲೆಯಿಂದಲೋ?

ವರ್ನಾ ಟಾಲೆಫ್ಸನ್‌ಳನ್ನು ಕೇಳಿದರೆ ಹ್ಯಾಟಿನಿಂದಲೇ ಅನ್ನುತ್ತಾಳೆ. ಅವಳು ಪೆನ್ಸಿಲ್ಲಿನಲ್ಲಿ ಮನುಷ್ಯರ ಮುಖ ಬರೆಯುವವಳು. ಮನುಷ್ಯರಿಗಿಂತ ದನವೇ ಜಾಸ್ತಿ ಇರುವ ಮೊಂಟಾನಾದ ಸೇಜ್ ಫೋರ್ಕ್‌ನಂಥ ಊರಿನಲ್ಲಿ ಮುಖ ಬರೆದು ಹೆಸರು ಮಾಡಿದವಳು. ಮೊದಲು ಅಂಚು, ಆಮೇಲೆ ನೆತ್ತಿಯ ಮಡಿಕೆ, ಆಮೇಲೆ ಪಟ್ಟಿ. ಮುಖ ಕೊನೆಗೆ. "ಹ್ಯಾಟ್ ಸರಿ ಬಂದ್ರೆ ಸಾಕು, ಕೆಳಗಡೆ ನಿನ್ನ ಮುಖ ಇಟ್ರೂ ಜನ ಗುರುತು ಹಿಡೀತಾರೆ" ಅಂತ ಒಮ್ಮೆ ನನಗೇ ಹೇಳಿದ್ದಳು. ಅದನ್ನು ಹೊಗಳಿಕೆ ಅಂದುಕೊಳ್ಳಲು ನಾನೂ ಸ್ವಲ್ಪ ಪ್ರಯತ್ನಪಟ್ಟೆ.

ಕಥೆಗೆ ಈ ಕ್ರಮ ಒಗ್ಗುವುದಿಲ್ಲ ಅನ್ನಿಸಿ ನಾನು ತಲೆಯಿಂದ ಶುರುಮಾಡಿದೆ: "ಹಾರ್ಲನ್ ಸ್ಟೆನ್ಸ್‌ರುಡ್‌ನ ಬರಿದಲೆಯನ್ನು ಈ ಊರಿನಲ್ಲಿ ನೋಡಿದವಳು ಒಬ್ಬಳೇ ಒಬ್ಬಳು." ಒಳ್ಳೆಯ ವಾಕ್ಯ. ಸುಳ್ಳು ವಾಕ್ಯ. ಪ್ರತಿ ಭಾನುವಾರ ಚರ್ಚಿನಲ್ಲಿ ಎಲ್ಲರೂ ನೋಡುತ್ತಿದ್ದರು. ಅಳಿಸಿದೆ.

(ಕನ್ನಡದಲ್ಲಿ ಟೋಪಿ ಹಾಕುವುದು ಅಂದರೆ ಏನು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈಗಲೇ ನಕ್ಕುಬಿಡಿ, ಆ ಬಾಬತ್ತು ಮುಗಿಯಲಿ. ಇನ್ನು ಮುಂದೆ ಹ್ಯಾಟು ಅಂತಲೇ ಬರೆಯುತ್ತೇನೆ.)

೨

ಊರಿನಲ್ಲಿ ದನ ಸಾಕುವ ರಾಂಚಿನವರ ಸಂಘಕ್ಕೆ ಒಂದು ಹಾಲ್ ಇದೆ. ಅದರ ಉತ್ತರದ ಗೋಡೆಯ ತುಂಬ ತೀರಿಹೋದ ಸದಸ್ಯರು ಕಪ್ಪು ಚೌಕಟ್ಟಿನೊಳಗೆ ಕೂತಿದ್ದಾರೆ, ಎಲ್ಲರೂ ಹ್ಯಾಟು ಹಾಕಿಕೊಂಡು. ಬರೆದವಳು ವರ್ನಾ. ದೂರದಿಂದ ನೋಡಿದರೆ ಹ್ಯಾಟಿನ ಅಂಗಡಿ. ಹತ್ತಿರ ಹೋದರೆ ಒಬ್ಬೊಬ್ಬನದೂ ಒಂದೊಂದು ಸಂಸಾರ. ಅಂಚನ್ನು ಹುಬ್ಬಿನ ಮೇಲೆ ಎಳೆದುಕೊಂಡವನು ಅಣ್ಣನ ಜೊತೆ ಮಾತು ಬಿಟ್ಟು ಹಾಗೇ ಸತ್ತವನು. ಹ್ಯಾಟನ್ನು ಹಿಂದಕ್ಕೆ ತಳ್ಳಿಕೊಂಡವನು ಊರಿಗೆಲ್ಲ ಬುರುಡೆ ಬಿಡುತ್ತಿದ್ದವನು. ನೆತ್ತಿಯ ಮಡಿಕೆ ನೋಡಿದರೆ ಹೊಳೆಯ ಯಾವ ದಡದವನು ಅಂತ ಹೇಳಬಹುದು. ಹುಲ್ಲಿನ ಹ್ಯಾಟಾದರೆ ಬೇಸಿಗೆಯಲ್ಲಿ ಹೋದವನು, ದಪ್ಪ ಫೆಲ್ಟಿನದಾದರೆ ಚಳಿಗಾಲದಲ್ಲಿ.

ಇದಕ್ಕೆಲ್ಲ ಸಾಂಕೇತಿಕತೆ ಅಂತ ಒಂದು ದೊಡ್ಡ ಪದ ಇದೆಯಲ್ಲ, ಅದನ್ನು ವರ್ನಾಳ ಎದುರು ಬಳಸಿ ಬೈಸಿಕೊಂಡಿದ್ದೇನೆ.

"ಸಂಕೇತ ಗಿಂಕೇತ ಏನೂ ಇಲ್ಲ. ಅಂಚಿನ ಕೆಳಗೆ ನೆರಳು ಬೀಳತ್ತೆ. ನೆರಳು ಬಿದ್ರೆ ಕಣ್ಣು ಬರೆಯೋ ಕೆಲಸ ತಪ್ಪತ್ತೆ. ಕಣ್ಣು ಬರೆದ್ರೆ ಅವನು ಏನು ಯೋಚಿಸ್ತಿದ್ದ ಅನ್ನೋದನ್ನೂ ಬರೀಬೇಕಲ್ಲ, ಅದು ಯಾರಿಗೆ ಬೇಕು? ಅವನ ಹೆಂಡ್ತಿಗೆ ಬೇಕಾ?"

ಆದರೆ ಈ ಸಲ ಅವನ ಹೆಂಡತಿಗೆ ಬೇಕಾಗಿತ್ತು. ಕಥೆ ಅಲ್ಲಿದೆ. ಅಲ್ಲಿಂದಲೇ ಶುರುಮಾಡಬಹುದಿತ್ತು, ನೋಡಿ.

೩ (ಕೈಬಿಟ್ಟದ್ದು)

"ಮಾರ್ಚಿನ ಆ ಬೆಳಿಗ್ಗೆ, ಕರು ಹಾಕುವ ಹಸುವೊಂದನ್ನು ನೋಡಲು ಹೋದ ಹಾರ್ಲನ್ ಗೇಟಿನ ಹತ್ತಿರವೇ ಕುಸಿದು ಹೋದ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ಅವನ ಬೂದು ಬಣ್ಣದ ಹ್ಯಾಟು ಖಾಲಿ ಮಂಚದ ಮೇಲೆ ಅನಾಥವಾಗಿ..."

"ಏಯ್. ಅದನ್ನ ಮಂಚದ ಮೇಲಿಂದ ತೆಗಿ."

ಯಾರು ಅಂತ ನೋಡಿದರೆ ಹಾರ್ಲನ್. ಬಾಗಿಲಲ್ಲಿ ನಿಂತಿದ್ದಾನೆ. ಹ್ಯಾಟಿಲ್ಲ, ಅದಕ್ಕೇ ಕೈ ಎಲ್ಲಿಡುವುದು ಅಂತ ತಿಳಿಯದೆ ನಿಂತಿದ್ದಾನೆ.

"ನೀವು ತೀರಿಕೊಂಡಿದ್ದೀರಿ" ಅಂದೆ.

"ನಾನು ತೀರ್ಕೊಂಡಿರೋದು. ಹ್ಯಾಟ್ ತೀರ್ಕೊಂಡಿಲ್ಲ. ಮಂಚದ ಮೇಲೆ ಹ್ಯಾಟಿಟ್ರೆ ಮನೆಗೆ ಕೆಟ್ಟದ್ದು. ಅಷ್ಟೂ ಗೊತ್ತಿಲ್ವ?"

"ಕೆಟ್ಟದ್ದು ಆಗಿಹೋಯ್ತಲ್ಲ."

"ಇಡೆಲ್ ಇದಾಳಲ್ಲ ಇನ್ನೂ."

ಹ್ಯಾಟನ್ನು ಮಂಚದಿಂದ ಎತ್ತಿ ಬಾಗಿಲ ಪಕ್ಕದ ಗೂಟಕ್ಕೆ ಹಾಕಿದೆ. 'ಅನಾಥವಾಗಿ' ಅನ್ನುವ ಪದವನ್ನೂ ಹೊಡೆದುಹಾಕಿದೆ. ಹಾರ್ಲನ್ ಈ ಕಥೆಯಲ್ಲಿ ನನ್ನ ಜೊತೆ ಮಾತಾಡುವುದು ಇಷ್ಟೇ. ಬದುಕಿದ್ದಾಗಲೂ ಹೆಚ್ಚುಕಮ್ಮಿ ಇಷ್ಟೇ.

೪

ಮಣ್ಣಾದ ವಾರದಲ್ಲೇ ಇಡೆಲ್ ಸ್ಟೆನ್ಸ್‌ರುಡ್ ವರ್ನಾಳ ಅಡುಗೆಮನೆಗೆ ಬಂದಳು. ಇಡೆಲ್ ಅಂದರೆ ಹಾರ್ಲನ್‌ನ ಹೆಂಡತಿ. ವರ್ನಾಳಿಗೆ ಹಾರ್ಲನ್‌ನ ಹೆಂಡತಿ ಮಾತ್ರ ಅಲ್ಲ. ಎರಡು ಹೊಲದಾಚೆಯ ನೆರೆಯವಳು, ಪ್ರತಿ ಆಗಸ್ಟಿನಲ್ಲೂ ಜೊತೆಗೆ ಕೂತು ಕಾಡುಚೆರ್ರಿಯ ಜೆಲ್ಲಿ ಕಾಯಿಸುವವಳು. ವರ್ನಾಳ ಗಂಡ ಸ್ಪೋಕೇನಿಗೆ ಹೋಗಿ ಅಲ್ಲೇ ಇನ್ನೊಬ್ಬಳ ಜೊತೆ ಉಳಿದುಕೊಂಡಾಗ "ಹೋಗ್ಲಿ ಬಿಡು, ಗೊರಕೆ ಹೊಡೀತಿದ್ದ" ಅಂತ ಹೇಳಿ ಅವಳನ್ನು ನಗಿಸಿದ ಏಕೈಕ ಹೆಂಗಸು.

"ಹಾಲ್‌ನಲ್ಲಿ ಹಾಕೋಕೆ ಒಂದು ಬರೀತೀಯಲ್ಲ, ಅದು ಬರಿ. ನನಗೆ ಇನ್ನೊಂದು ಬೇಕು" ಅಂದಳು ಇಡೆಲ್. "ಹ್ಯಾಟ್ ಇಲ್ದೆ."

"ಹ್ಯಾಟ್ ಇಲ್ದೆ?"

"ಮಲಗೋ ಕೋಣೆಗೆ."

ವರ್ನಾ ಕಾಫಿ ಬಗ್ಗಿಸುತ್ತಿದ್ದವಳು ಬಗ್ಗಿಸುತ್ತಲೇ ಇದ್ದಳು. ಬಟ್ಟಲು ತುಂಬಿ ತಟ್ಟೆಗೆ ಬಂತು.

"ಫೋಟೋಗಳೆಲ್ಲ ಹ್ಯಾಟ್ ಹಾಕ್ಕೊಂಡಿರೋವೇ" ಅಂದಳು ಇಡೆಲ್. "ಗೋಡೆ ಮೇಲಿರೋದನ್ನ ನೋಡ್ತೀನಿ, ಈಗ ಹೊರಟ ಅನ್ನೋ ಹಾಗೆ ನಿಂತಿರ್ತಾನೆ. ಬೇಲಿ ನೋಡ್ಕೊಂಡು ಬರ್ತೀನಿ ಕಣೇ, ಅನ್ನೋ ಹಾಗೆ. ನನಗೆ ಹೊರಡದೇ ಇರೋ ಹಾರ್ಲನ್ ಬೇಕು."

"ಒಂದೂ ಇಲ್ವಾ, ಹ್ಯಾಟ್ ತೆಗೆದಿರೋದು?"

"ಚರ್ಚಿನ ಊಟದಲ್ಲಿ ಒಂದು ತೆಗೆದಿದಾರೆ. ಬಾಯ್ತುಂಬ ಆಲೂಗೆಡ್ಡೆ. ಆಮೇಲೆ ಮದುವೇದು. ಅದರಲ್ಲಿ ಅವನು ಹಾರ್ಲನ್ ಅಲ್ಲ, ಅವನ ಮಗ ಇದ್ದಿದ್ರೆ ಹೀಗಿರ್ತಿದ್ದ ಅನ್ನೋ ಹಾಗಿದಾನೆ. ಮರೆತು ಹೋಗ್ತಿದೆ, ವರ್ನಾ. ಹೋಗಿ ಹತ್ತು ದಿನ ಆಗಿಲ್ಲ, ಆಗಲೇ ಕಣ್ಣು ಮುಚ್ಚಿದ್ರೆ ಹ್ಯಾಟ್ ಬರತ್ತೆ, ತಲೆ ಬರಲ್ಲ."

ಬರೀತೀನಿ ಅಂದಳು ವರ್ನಾ. ಬೇರೆ ಏನು ಅನ್ನಬಹುದಿತ್ತು?

(ಅನ್ನಬಹುದಿತ್ತು. "ಬೇಡ, ನನ್ನ ಕೈಲಿ ಆಗಲ್ಲ" ಅನ್ನಬಹುದಿತ್ತು. ಆಗ ಕಥೆ ಇಲ್ಲಿಗೇ ಮುಗಿದು ನಾನೂ ಮಲಗಬಹುದಿತ್ತು. ಬೆಳಿಗ್ಗೆ ಮಗಳ ಸ್ಕೂಲ್ ಬಸ್ಸು ಆರೂವರೆಗೇ ಬರುತ್ತದೆ. ವರ್ನಾಳಿಗೆ ಇದನ್ನು ಸೂಚಿಸಿಯೂ ನೋಡಿದೆ, ಕೇಳಿಸದ ಹಾಗಿದ್ದಳು.)

೫

ಹಣೆ ಸುಲಭವಾಗಿ ಬಂತು. ಈ ಕಡೆಯ ಗಂಡಸರೆಲ್ಲ ಹುಬ್ಬಿನಿಂದ ಕೆಳಗೆ ಸುಟ್ಟ ಇಟ್ಟಿಗೆ, ಹುಬ್ಬಿನಿಂದ ಮೇಲೆ ಕೆನೆಹಾಲು. ಹ್ಯಾಟಿನ ಅಂಚು ಅಷ್ಟು ಕಾಲ ಕಾಪಾಡಿದ ಬಿಳುಪು ಅದು. ಅಲ್ಲಿ ಪೆನ್ಸಿಲ್ಲನ್ನು ಮುಟ್ಟಿಸದೆ ಕಾಗದವನ್ನೇ ಬಿಟ್ಟರಾಯಿತು. ನೆರಳಿಲ್ಲದ್ದರಿಂದ ಕಣ್ಣನ್ನೂ ಬರೆಯಬೇಕಾಯಿತು. ಬರೆದಳು. ಅದೂ ಬಂತು.

ಆಮೇಲೆ ಕೂದಲು. ಕಿಟಕಿಯಾಚೆ ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ವರ್ನಾ ಏನೂ ಯೋಚಿಸುತ್ತಿರಲಿಲ್ಲ, ಅಥವಾ ಯೋಚಿಸುತ್ತಿಲ್ಲ ಅಂತ ಅಂದುಕೊಂಡಿದ್ದಳು. ಕೈ ಹೋಗುತ್ತಿತ್ತು. ಹಣೆಯ ಮೇಲೆ, ಅವನ ಎಡಗಡೆಗೆ, ಒಂದು ಹಿಡಿ ಕೂದಲು ಎದ್ದು ನಿಂತಿತು. ಹಿಂದಿನದು ದಿಂಬಿಗೆ ಒತ್ತಿ ಚಪ್ಪಟೆಯಾಯಿತು. ಕಿವಿಯ ಮೇಲಿನದು ಮೆತ್ತಗೆ ಬಿಡಿಬಿಡಿಯಾಗಿ ಬಂತು. ಮುಗಿದ ಮೇಲೆ ಪೆನ್ಸಿಲ್ ಕೆಳಗಿಟ್ಟು, ಸ್ವಲ್ಪ ದೂರ ಸರಿದು ನೋಡಿದಳು.

ಹ್ಯಾಟಿನ ಗೆರೆ ಇರಲಿಲ್ಲ.

ಈ ಗೆರೆಯ ವಿಷಯ ಹೇಳಲೇಬೇಕು. ಫೆಲ್ಟಿನ ಹ್ಯಾಟು ದಿನವಿಡೀ ತಲೆಯ ಮೇಲೆ ಕೂತರೆ ಕೂದಲಲ್ಲಿ ಸುತ್ತಲೂ ಒಂದು ಅಚ್ಚು ಬೀಳುತ್ತದೆ, ತಪ್ಪಲೆಯ ಕಂಠದ ಹಾಗೆ. ಚರ್ಚಿನಲ್ಲಿ ಹ್ಯಾಟು ತೆಗೆದರೂ ಗೆರೆ ಇರುತ್ತದೆ. ಊಟದ ಮೇಜಿನಲ್ಲಿ, ಶವದ ಮುಂದೆ, ರಾಷ್ಟ್ರಗೀತೆ ಹಾಡುವಾಗ, ಎಲ್ಲ ಕಡೆಯೂ ಹ್ಯಾಟು ಕೈಯಲ್ಲಿ, ಗೆರೆ ತಲೆಯಲ್ಲಿ. ಊರಿನವರು ನೋಡಿರುವುದು ಹ್ಯಾಟು ತೆಗೆದ ತಲೆ. ಹ್ಯಾಟು ಇಲ್ಲದ ತಲೆ ಅಂದರೆ ಬೇರೆ. ರಾತ್ರಿಯೆಲ್ಲ ದಿಂಬಿನ ಮೇಲೆ ಹೊರಳಿ ಗೆರೆ ಅಳಿಸಿಹೋಗಿರಬೇಕು. ಅದನ್ನು ನೋಡಬೇಕಾದರೆ ಆ ಗಂಡಸು ಏಳುವ ಹೊತ್ತಿಗೆ ಪಕ್ಕದಲ್ಲಿರಬೇಕು.

ಈ ಚಿತ್ರವನ್ನು ಇಡೆಲ್ ನಾಳೆ ನಾಲ್ಕು ಗಂಟೆಗೆ ಬಂದು ತೆಗೆದುಕೊಂಡು ಹೋಗುತ್ತಾಳೆ. ನಾನು ಈ ಕಥೆಯಲ್ಲಿ ನಿಮಗೆ ತಿಳಿಸಬೇಕಾದದ್ದು ಇದೊಂದೇ: ಆ ಗೆರೆಯನ್ನು ವರ್ನಾ ಎಳೆಯುತ್ತಾಳೋ, ಇಲ್ಲವೋ.

೭

(ಆರನ್ನು ಹರಿದುಹಾಕಿದೆ. ಅದರಲ್ಲಿ ಒಂದು ಕುದುರೆ ಇತ್ತು. ಸುಮ್ಮನೆ ಓಡುತ್ತಿತ್ತು.)

ಈಗ ನಿಮಗಿರುವ ಪ್ರಶ್ನೆಯೇ ನನಗೂ ಇತ್ತು. ನೇರವಾಗಿ ಕೇಳಿಬಿಟ್ಟೆ.

"ವರ್ನಾ, ಯಾವಾಗ ನೋಡಿದಿರಿ?"

"ಏನನ್ನ?"

"ಗೊತ್ತಿದ್ದೂ ಕೇಳಬೇಡಿ. ಓದುವವರು ಕಾಯ್ತಿದ್ದಾರೆ. ನಾನೊಂದು ಯೋಚಿಸಿದ್ದೇನೆ, ನೋಡಿ. ಆ ವರ್ಷ ಹಿಮಗಾಳಿ ಎದ್ದು ರಸ್ತೆ ಮುಚ್ಚಿತ್ತಲ್ಲ, ಅವತ್ತು ಹಾರ್ಲನ್ ನಿಮ್ಮ ಮನೆಯಲ್ಲೇ..."

"ಹಿಮಗಾಳಿ ಬೇಡಮ್ಮ. ಮೊಂಟಾನಾ ಅಂದ ತಕ್ಷಣ ನಿಮಗೆಲ್ಲ ಒಂದು ಹಿಮಗಾಳಿ ಬೇಕು. ಬಿಸಿಲು ಕಾಲದಲ್ಲೂ ಇಲ್ಲಿ ಜನ ಇರ್ತಾರೆ."

"ಸರಿ. ಅವರ ಸೊಂಟ ಮುರಿದು ಬಿಲ್ಲಿಂಗ್ಸ್‌ನ ಆಸ್ಪತ್ರೆಯಲ್ಲಿ ಮಲಗಿದ್ದಾಗ. ಹಾಸಿಗೆಯಲ್ಲಿ ಹ್ಯಾಟಿರಲ್ಲ, ಗೆರೆ ಹೋಗಿರುತ್ತೆ. ನೀವು ಹೂ ತಗೊಂಡು..."

"ಆಸ್ಪತ್ರೆಗೆ ಹೋದದ್ದು ಇಡೆಲ್. ನಾನು ಅವರ ಕೋಳಿಗೆ ಕಾಳು ಹಾಕ್ತಿದ್ದೆ."

"ಹಾಗಾದರೆ?"

"ಹಾಗಾದ್ರೆ ಏನು? ನೋಡಿಲ್ಲ."

ನನಗೆ ಸಿಟ್ಟು ಬಂತು. ನೋಡದೆ ಬರೆಯಲು ಹೇಗೆ ಸಾಧ್ಯ ಅಂತ ಕೇಳಿದೆ, ಕಥೆ ಬರೆಯುವ ನಾನು. ಅವಳು ಆ ತಮಾಷೆಯನ್ನು ಗಮನಿಸಿಯೂ ಬಿಟ್ಟುಬಿಟ್ಟಳು.

ನಾನು ಕೇಳುವುದನ್ನು ನಿಲ್ಲಿಸಿದ ಮೇಲೆ ಹೇಳಿದಳು. ಹಾರ್ಲನ್ ಸಂಘಕ್ಕೆ ಅಧ್ಯಕ್ಷನಾದ ವರ್ಷ ಅವನ ಚಿತ್ರ ಬರೆಯಬೇಕಾಗಿತ್ತು. ಅವಳಿಗೆ ಆಗ ಮೂವತ್ತೂ ಚಿಲ್ಲರೆ, ಗಂಡ ಸ್ಪೋಕೇನಿಗೆ ಹೋಗಿ ಆಗಿತ್ತು. ಹಾರ್ಲನ್ ಬಂದು ಇದೇ ಅಡುಗೆಮನೆಯಲ್ಲಿ, ಕಿಟಕಿಯ ಹತ್ತಿರ, ಹ್ಯಾಟು ಹಾಕಿಕೊಂಡು ಕೂತ. ಚಿತ್ರಕ್ಕೆ ಕೂತವನು ಹ್ಯಾಟು ತೆಗೆಯಬೇಕಾಗಿಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ಹಸುವಿನ ವಿಷಯ ಮಾತಾಡಿದರು, ಮಳೆಯ ವಿಷಯ ಮಾತಾಡಿದರು, ಆಮೇಲೆ ಯಾವ ವಿಷಯವನ್ನೂ ಮಾತಾಡಲಿಲ್ಲ. ಚಿತ್ರ ಮುಗಿಯಿತು. ಅವಳು ಕಾಫಿ ಮಾಡಿ, ರೂಬಾರ್ಬಿನ ಪೈ ಒಂದು ತುಂಡು ಕತ್ತರಿಸಿ, ಮೇಜಿನ ಮೇಲಿಟ್ಟಳು. ಹೆಂಗಸಿನ ಮೇಜಿಗೆ ಕೂತ ಗಂಡಸು ಹ್ಯಾಟು ತೆಗೆಯಲೇಬೇಕು. ಅವನು ಕುರ್ಚಿಯ ಹತ್ತಿರ ಬಂದ. ಕೈ ಹ್ಯಾಟಿಗೆ ಹೋಯಿತು. ನೆತ್ತಿಯ ಮಡಿಕೆ ಹಿಡಿದು ಎರಡು ಬೆರಳಿನಷ್ಟು ಮೇಲೆತ್ತಿದ. ಅಲ್ಲೇ ನಿಲ್ಲಿಸಿದ. ಮತ್ತೆ ಕೂರಿಸಿಕೊಂಡ.

"ಕೂರಲ್ಲ ವರ್ನಾ" ಅಂದ. "ಕೂತ್ರೆ ಹ್ಯಾಟ್ ತೆಗೀಬೇಕು. ತೆಗೆದ್ರೆ ಬೇಗ ಏಳಲ್ಲ ನಾನು."

ಬಾಗಿಲ ಹತ್ತಿರ ನಿಂತುಕೊಂಡೇ ಕಾಫಿ ಕುಡಿದ. ಪೈ ಮುಟ್ಟಲಿಲ್ಲ. ಹೋದ. ಅದಾದ ಮೇಲೆ ಆ ಮನೆಗೆ ಇಡೆಲ್ ಇಲ್ಲದೆ ಬರಲಿಲ್ಲ.

"ಅಷ್ಟೇನಾ?" ಅಂದೆ.

"ಅಷ್ಟೇ. ಎರಡು ಬೆರಳು ಎತ್ತಿದ್ನಲ್ಲ, ಮಿಕ್ಕಿದ್ದನ್ನ ನಾನು ಎತ್ತಿಕೊಂಡೆ. ಅವತ್ತಿಂದ."

ನಾನು ಸ್ವಲ್ಪ ಲೆಕ್ಕಾಚಾರದವಳು. "ಒಂದು ಉಪಾಯ ಇದೆ" ಅಂದೆ. "ಮಲಗುವ ಕೋಣೆಗೆ ಬೇಕು ಅಂತ ಕೇಳಿದ್ದೇ ಇಡೆಲ್. ಅದಕ್ಕೇ ಗೆರೆ ಬಿಟ್ಟೆ ಅಂದರಾಯ್ತು. ಒಳ್ಳೆ ನೆಪ."

"ಗೆರೆ ಬಿಟ್ಟಿದ್ದಕ್ಕೆ ನೆಪ ಇದೆ. ಇಷ್ಟು ಚೆನ್ನಾಗಿ ಬಂದಿದೆಯಲ್ಲ, ಅದಕ್ಕೆ ಏನು ನೆಪ ಹೇಳಲಿ? ಬೇರೆ ಯಾರನ್ನಾದ್ರೂ ನಾನು ಹೀಗೆ ಬರೆದಿದೀನಾ?"

ಹಾಲ್‌ನ ಗೋಡೆಯನ್ನು ನೆನಪಿಸಿಕೊಂಡೆ. ಇಲ್ಲ. ಬರೆದಿರಲಿಲ್ಲ.

೮

ಇಲ್ಲಿ ಮುಕ್ತಾಯಗಳನ್ನು ಇಡುವುದು ಪದ್ಧತಿ. ಇಟ್ಟಿದ್ದೇನೆ.

ಒಂದು: ವರ್ನಾ 4B ಪೆನ್ಸಿಲ್ ತೆಗೆದುಕೊಂಡು ಗೆರೆ ಎಳೆಯುತ್ತಾಳೆ. ಮೆತ್ತನೆಯ ರಬ್ಬರಿನಿಂದ ಎದ್ದ ಕೂದಲನ್ನು ಒತ್ತಿ ಮಲಗಿಸುತ್ತಾಳೆ. ಇಡೆಲ್ ಬಂದು "ಚೆನ್ನಾಗಿದೆ ಕಣೇ" ಅನ್ನುತ್ತಾಳೆ. ಅವಳ ಮಲಗುವ ಕೋಣೆಯಲ್ಲಿ ಚರ್ಚಿನಿಂದ ಈಗಷ್ಟೇ ಬಂದ ಗಂಡಸೊಬ್ಬ ಉಳಿದ ಬದುಕೆಲ್ಲ ನಿಂತೇ ಇರುತ್ತಾನೆ. ಆಗಸ್ಟಿನಲ್ಲಿ ಇಬ್ಬರೂ ಜೆಲ್ಲಿ ಕಾಯಿಸುತ್ತಾರೆ. ಯಾರಿಗೂ ಏನೂ ಆಗುವುದಿಲ್ಲ, ಇಡೆಲ್‌ಗೆ ಕೇಳಿದ್ದು ಸಿಗುವುದಿಲ್ಲ ಅನ್ನುವುದೊಂದನ್ನು ಬಿಟ್ಟು.

ಎರಡು: ಗೆರೆ ಎಳೆಯುವುದಿಲ್ಲ. ಇಡೆಲ್ ನೋಡುತ್ತಾಳೆ, ಅರ್ಥ ಮಾಡಿಕೊಳ್ಳುತ್ತಾಳೆ, ಚಿತ್ರವನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಎರಡು ಹೊಲದಾಚೆಯ ದೀಪವನ್ನು ವರ್ನಾ ಸಂಜೆಸಂಜೆಯೂ ನೋಡುತ್ತಾಳೆ. (ಈ 'ದೀಪ'ಕ್ಕೆ ನಾಚಿಕೆಯಾಗಬೇಕು ನನಗೆ.)

ಮೂರು: ವರ್ನಾ ಚಿತ್ರವನ್ನು ತನಗಿಟ್ಟುಕೊಂಡು ಇಡೆಲ್‌ಗೆ ಇನ್ನೊಂದು, ಗೆರೆ ಇರುವುದು, ಬರೆದುಕೊಡುತ್ತಾಳೆ. ಇದು ನನಗೆ ಇಷ್ಟವಾಗಿತ್ತು. ವರ್ನಾ ಒಪ್ಪಲಿಲ್ಲ. "ಅವಳ ಗಂಡನ್ನ ನನ್ನ ಬೀರುವಿನಲ್ಲಿ ಬಚ್ಚಿಡು ಅಂತೀಯಲ್ಲ, ನಿನಗೆ ಮರ್ಯಾದೆ ಇಲ್ವಾ?" ಅಂದಳು.

ಹೀಗೆ ಮೂರನ್ನೂ ಅವಳ ಮುಂದಿಟ್ಟು ಆರಿಸಿಕೊಳ್ಳಿ ಅಂತ ನಾನು ಒತ್ತಾಯ ಮಾಡುತ್ತಿದ್ದಾಗಲೇ, ಮರುದಿನ ಮಧ್ಯಾಹ್ನ, ಅವಳು 4B ಪೆನ್ಸಿಲ್ಲನ್ನು ಕೆತ್ತಿ ಕೈಯಲ್ಲಿ ಹಿಡಿದು ಕೂತಿದ್ದಾಗಲೇ, ಹಿಂದಿನ ಬಾಗಿಲು ತೆಗೆದುಕೊಂಡಿತು. ನಾಲ್ಕಕ್ಕೆ ಬರುತ್ತೇನೆ ಅಂದಿದ್ದ ಇಡೆಲ್ ಮೂರಕ್ಕೇ ಬಂದಿದ್ದಳು.

೯

"ಮಣ್ಣಿನ ದಿನ ಊಟಕ್ಕೆ ಅಂತ ಜನ ತಂದ ಹಾಟ್‌ಡಿಶ್ ಪಾತ್ರೆಗಳು ಯಾರ್ಯಾರದ್ದೋ ಗೊತ್ತಾಗ್ತಿಲ್ಲ" ಅನ್ನುತ್ತ ಒಳಗೆ ಬಂದಳು. "ಇದು ನಿಂದಾ? ಕಿವಿ ಮುರಿದಿದೆ. ನಿಂದೇ ಇರಬೇಕು."

ಪಾತ್ರೆಯನ್ನು ಇಟ್ಟಳು. ಮೇಜಿನ ಮೇಲಿನ ಹಾಳೆ ನೋಡಿದಳು. ಕೋಟು ತೆಗೆಯಲು ಹೋದವಳು ಒಂದು ತೋಳು ಬಿಡಿಸಿ ಹಾಗೇ ನಿಂತಳು. ಕನ್ನಡಕ ಹುಡುಕಿ ಹಾಕಿಕೊಂಡಳು. ಫ್ರಿಜ್ಜು ಗೊರ್ ಅಂತ ಶುರುವಾಗಿ ನಿಂತಿತು.

"ಗೆರೆ ಇಲ್ಲ" ಅಂದಳು.

"ಇಲ್ಲ."

"ನನ್ನ ತಮ್ಮನ್ನ ಬರೆದಿದ್ದೆಯಲ್ಲ ನೀನು. ಬೇಲಿ ಗೂಟದ ಹಾಗೆ ಬಂದಿದ್ದ."

"ಅವನು ಇದ್ದದ್ದೇ ಹಾಗೆ."

ಇಡೆಲ್‌ಳ ತುಟಿ ನಗಲು ಹೋಗಿ ಅರ್ಧದಲ್ಲಿ ವಾಪಸು ಬಂತು. ಮತ್ತೆ ಹಾಳೆಯನ್ನು ನೋಡಿದಳು. ಕಣ್ಣು, ಬಾಯಿ, ಕಿವಿಯ ಮೇಲಿನ ಆ ಮೆತ್ತನೆಯ ಬಿಡಿಕೂದಲು. ವರ್ನಾ ಕೈಯಲ್ಲಿದ್ದ ಪೆನ್ಸಿಲ್ಲನ್ನು ನೋಡುತ್ತಿದ್ದಳು. ಇನ್ನು ಎಳೆದೂ ಪ್ರಯೋಜನ ಇರಲಿಲ್ಲ. ಅವಳಿಗೆ ಆ ಹೊತ್ತಿನಲ್ಲಿ ಅನ್ನಿಸಿದ್ದು ಇಷ್ಟು: ಈ ಹೆಂಗಸು ಈಗ ಹೊರಟು ಹೋದರೆ ಹಾರ್ಲನ್ ಇನ್ನೊಂದು ಸಲ ಸಾಯುತ್ತಾನೆ, ಅವನ ಬಗ್ಗೆ ಮಾತಾಡಲು ನನಗೆ ಯಾರೂ ಇರುವುದಿಲ್ಲ.

ಇಡೆಲ್ ಬೆರಳು ಚಾಚಿ, ಕಾಗದಕ್ಕೆ ತಾಗಿಸದೆ, ಎದ್ದು ನಿಂತ ಆ ಹಿಡಿ ಕೂದಲಿನ ಮೇಲೆ ಹಿಡಿದಳು.

"ಇದು ಈ ಕಡೆ ಏಳ್ತಿರಲಿಲ್ಲ."

"ಏನು?"

"ಈ ಕೂದಲು. ಎಡಗಡೆ ಅಲ್ಲ ಕಣೇ, ಬಲಗಡೆ. ಮದುವೆ ಆದಾಗಿಂದ ದಿನಾ ಬೆಳಿಗ್ಗೆ ಒದ್ದೆ ಕೈಯಲ್ಲಿ ಒತ್ತಿದೀನಿ. ನನಗೆ ಗೊತ್ತಿಲ್ವಾ?"

ವರ್ನಾಳಿಗೆ ಎದೆಯ ಮೇಲಿಂದ ಒಂದು ಚೀಲ ಇಳಿಸಿದ ಹಾಗಾಯಿತು. ಅದರ ಹಿಂದೆಯೇ, ಇಳಿಸಿದ ಚೀಲ ಖಾಲಿ ಇತ್ತು ಅಂತ ಗೊತ್ತಾಯಿತು. ಇಷ್ಟು ವರ್ಷ ಬೆಳಿಗ್ಗೆ ಕಣ್ಣು ಬಿಡುವ ಮುಂಚೆ ಅವಳು ನೋಡುತ್ತಿದ್ದ ಮನುಷ್ಯನಿಗೆ ಎಡಗಡೆ ಕೂದಲು ಏಳುತ್ತಿತ್ತು. ಅವನು ಹಾರ್ಲನ್ ಅಲ್ಲ. ಅವನು ಯಾರೂ ಅಲ್ಲ.

"ನೀನು ನೋಡಿಲ್ಲ" ಅಂದಳು ಇಡೆಲ್. ಅದು ಪ್ರಶ್ನೆ ಆಗಿರಲಿಲ್ಲ.

"ಇಲ್ಲ."

"ನೋಡಬೇಕು ಅಂತ ಇತ್ತು."

ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಪಕ್ಕದಿಂದ ತಲೆ ಆಡಿಸಿ ಆಡಿಸಿ ಸನ್ನೆ ಮಾಡಿದೆ.

"ಹೂಂ" ಅಂದಳು ವರ್ನಾ.

ಇಡೆಲ್ ಇನ್ನೊಂದು ತೋಳನ್ನೂ ಬಿಡಿಸಿ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. ಕೂರಲು ಹಾಕಿದಳೋ, ಉಸಿರಾಡಲು ಕಷ್ಟವಾಗಿ ತೆಗೆದಳೋ ಹೇಳಲಾರೆ.

೯ (ಮತ್ತೆ)

ವರ್ನಾ ತಲೆ ಎತ್ತಿ ನೋಡಿದ್ದು ಇಡೆಲ್‌ಳನ್ನಲ್ಲ, ನನ್ನನ್ನು.

"ಎಡ ಅಂತ ಬರೆದೋಳು ನೀನು" ಅಂದಳು.

"ಬರೆದದ್ದು ನಿಮ್ಮ ಕೈ."

"ನನ್ನ ಕೈಯಲ್ಲಿ ಬರೆಸಿದ್ದು ಯಾರು? ಬದಲಾಯಿಸು. ಐದನೇ ಭಾಗಕ್ಕೆ ಹೋಗಿ ಬಲಗಡೆ ಅಂತ ಮಾಡು. ಒಂದೇ ಪದ ತಾನೆ?"

"ಯೋಚಿಸಿ ವರ್ನಾ. ಬಲ ಅಂತ ಮಾಡಿದರೆ ಚಿತ್ರ ಸರಿಯಾಗುತ್ತೆ. ಚಿತ್ರ ಸರಿಯಾದರೆ ನೀವು ನೋಡಿದ್ದೀರಿ ಅಂತಾಗುತ್ತೆ. ಇಡೆಲ್ ಕೋಟು ಹಾಕಿಕೊಂಡು ಹೋಗ್ತಾಳೆ. ಇನ್ನು ಈ ಬಾಗಿಲಿಗೆ ಬರಲ್ಲ."

"ಗೊತ್ತು."

"ಊರೆಲ್ಲ ಗೊತ್ತಾಗುತ್ತೆ. ಹಾಲ್‌ನವರು ಇನ್ನು ನಿಮ್ಮ ಕೈಲಿ ಬರೆಸಲ್ಲ."

"ಗೊತ್ತು ಅಂದ್ನಲ್ಲ. ಆದ್ರೆ ನನಗೆ ಒಂದು ಬೆಳಿಗ್ಗೆ ಸಿಕ್ಕಿರತ್ತೆ. ಒಂದೇ ಒಂದು, ನಿಜವಾದ್ದು. ನೀನು ಸುಮ್ನೆ ಕೂತು ಒಂದು ಪದ ಅಳಿಸಿದ್ರೆ ಸಿಗತ್ತೆ. ಅಷ್ಟೂ ಮಾಡಲ್ವಾ?"

ಈ ಕೆಲಸದಲ್ಲಿ ನನಗೆ ಅಷ್ಟು ಅಧಿಕಾರ ಇದೆ ಅಂತ ಅಲ್ಲಿಯವರೆಗೆ ಅನ್ನಿಸಿರಲಿಲ್ಲ. ಪಾತ್ರಗಳು ನನ್ನ ಮಾತು ಕೇಳುವುದಿಲ್ಲ ಅಂತ ದೂರುತ್ತ ಬಂದವಳಿಗೆ, ಕೇಳಿಕೊಂಡು ಎದುರು ನಿಂತ ಒಬ್ಬಳನ್ನು ಏನು ಮಾಡಬೇಕು ಅಂತ ತಿಳಿಯಲಿಲ್ಲ. ಐದನೇ ಭಾಗಕ್ಕೆ ಹೋದೆ. 'ಎಡಗಡೆಗೆ' ಅನ್ನುವ ಪದದ ಮೇಲೆ ಕರ್ಸರ್ ಇಟ್ಟೆ. ಬೆರಳು ಅಳಿಸುವ ಕೀಲಿಯ ಮೇಲಿತ್ತು.

"ಎಲ್ಲಿ ನೋಡ್ತಿದೀಯ?" ಅಂದಳು ಇಡೆಲ್, ಅಡುಗೆಮನೆಯಲ್ಲಿ. ಅವಳಿಗೆ ನಾನು ಕಾಣುವುದಿಲ್ಲ. ಈ ಕಥೆಯಲ್ಲಿ ನನ್ನ ಜೊತೆ ಜಗಳ ಆಡದವಳು ಅವಳೊಬ್ಬಳೇ. ಅವಳು ಕುರ್ಚಿ ಎಳೆದುಕೊಂಡು ಕೂತಿದ್ದಳು. ಮೊದಲಿನ ಚಿತ್ರವನ್ನು ಮಗುಚಿ ಪಕ್ಕಕ್ಕಿಟ್ಟಿದ್ದಳು. "ಹೊಸ ಹಾಳೆ ತಗೊ. ನಾನು ಹೇಳ್ತಾ ಹೋಗ್ತೀನಿ, ನೀನು ಬರಿ."

"ಏನು ಹೇಳ್ತೀಯ?"

"ಬೆಳಿಗ್ಗೆ ಹೇಗಿರ್ತಿದ್ದ ಅಂತ. ಎಲ್ಲಾ ಹೇಳ್ತೀನಿ. ನೀನು ಕೇಳಿಸ್ಕೋಬೇಕು."

ಇದು ಕರುಣೆಯೋ, ಶಿಕ್ಷೆಯೋ? ಇಡೆಲ್‌ಳ ದನಿಯಿಂದ ನನಗೆ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಿತ್ತು ಅನ್ನಿಸುವುದಿಲ್ಲ. ತನ್ನ ಬಳಿ ಉಳಿದಿದ್ದು ಮರೆತು ಹೋಗುವ ಮುಂಚೆ, ಅದನ್ನು ಅಷ್ಟೇ ಆಸೆಯಿಂದ ಹಿಡಿದಿಟ್ಟುಕೊಳ್ಳಬಲ್ಲ ಇನ್ನೊಬ್ಬಳು ಊರಿನಲ್ಲಿ ಇದ್ದಾಳೆ ಅಂತ ಅವಳಿಗೆ ಆಗಷ್ಟೇ ತಿಳಿದಿತ್ತು. ಹಾಗೆ ತಿಳಿದವರು ಏನು ಮಾಡುತ್ತಾರೋ ಅದನ್ನು ಅವಳು ಮಾಡುತ್ತಿದ್ದಳು.

ವರ್ನಾ ಹಾಳೆ ಬಿಡಿಸಿದಳು. ಪೆನ್ಸಿಲ್ಲನ್ನು ಕಾಗದದ ಮೇಲೆ ತಂದು, ಅಲ್ಲೇ ಹಿಡಿದು, ಕೇಳಿದಳು:

"ಎಚ್ಚರ ಆದ ತಕ್ಷಣ ಕಣ್ಣು ಬಿಡ್ತಿದ್ನಾ, ಇಲ್ಲ ಸ್ವಲ್ಪ ಹೊತ್ತು ಹಾಗೇ ಇರ್ತಿದ್ನಾ?"

ಇಡೆಲ್ ಹೇಳತೊಡಗಿದಳು. ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಕಾದಿದ್ದವಳು ವರ್ನಾ. ನಾನೂ ಅಲ್ಲ, ನೀವೂ ಅಲ್ಲ. ಕೊನೆ ಬೇಕು ಅನ್ನುವವರು ಎಂಟನೇ ಭಾಗದಲ್ಲಿರುವ ಮೂರರಲ್ಲಿ ಒಂದನ್ನು ತೆಗೆದುಕೊಂಡು ಹೋಗಬಹುದು, ನನ್ನ ಅಭ್ಯಂತರವಿಲ್ಲ. ಮೂರೂ ಸುಳ್ಳು, ಅಷ್ಟೇ.

ನನ್ನ ಬೆರಳು ಆ ಕೀಲಿಯ ಮೇಲೇ ಇದೆ. ಫೈಲನ್ನು ಇನ್ನೂ ಸೇವ್ ಮಾಡಿಲ್ಲ. ವರ್ನಾ ಬಗ್ಗಿ ಬರೆಯುತ್ತಿದ್ದಾಳೆ, ನಡುನಡುವೆ "ಇನ್ನೊಂದ್ಸಲ ಹೇಳು" ಅನ್ನುತ್ತಾಳೆ, ಇಡೆಲ್ ಹೇಳುತ್ತಾಳೆ. ವರ್ನಾ ತಲೆ ಎತ್ತಿ ನನ್ನ ಕಡೆ ನೋಡಿದರೆ ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಇನ್ನೂ ಎತ್ತಿಲ್ಲ.